ಪಂಪ್‌ವೆಲ್ ಮೇಲ್ಸೇತುವೆಯ ಕಂಬಗಳಿಗೆ ಚಿತ್ರ: ಅನುಮತಿ ಕೊಡುವವರು ಯಾರು?

ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆಯ ಕಂಬಗಳಿಗೆ ಚಿತ್ರ ಬರೆಯಲು ಅನುಮತಿ ಕೇಳಿ ಪಾಲಿಕೆಗೆ ಅರ್ಜಿ ಕೊಟ್ಟು ನಾಲ್ಕು ತಿಂಗಳಾದರೂ ಉತ್ತರವಿಲ್ಲ ಎಂದಿದ್ದೀರಿ. ಬಹುಶಃ ಅರ್ಜಿ ತಪ್ಪು ಬಾಗಿಲಿಗೆ ಹೋಗಿದೆ. ಆ ಮೇಲ್ಸೇತುವೆ ರಾಷ್ಟ್ರೀಯ ಹೆದ್ದಾರಿ 66ರದ್ದು. ಪಾಲಿಕೆ ಹೂಂ ಅಂದರೂ ಸಾಲದು, ಹೆದ್ದಾರಿ ಪ್ರಾಧಿಕಾರ ಒಪ್ಪಬೇಕು.

ದೆಹಲಿಯಲ್ಲಿ 1973ರ ಕಾಯ್ದೆಯಿಂದ ಬಂದ, ನಗರದ ಅಂದಚೆಂದದ ಬಗ್ಗೆ ಸಲಹೆ ಕೊಡುವ ನಗರ ಕಲಾ ಆಯೋಗ ಇದೆ. ನಮ್ಮಲ್ಲಿ ಅಂಥದ್ದಿಲ್ಲ. ಹಾಗಾಗಿ ಚಿತ್ರ ನೋಡಿ ಒಪ್ಪುವ ಸಮಿತಿ ಎಲ್ಲಿದೆ ಅಂತ ಸುಮ್ನೆ ಅಲೆಯಬೇಡಿ, ಜಾಗ ಯಾರದು ಅಂತ ನೋಡಿ.

ಮೊದಲು ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೆ ಬರೆದು, ಪ್ರತಿಯನ್ನು ಪಾಲಿಕೆ ಆಯುಕ್ತರಿಗೆ ಕೊಡಿ. ಜೊತೆಗೆ ಕಂಬದ ಅಳತೆ, ಬಣ್ಣ ಹಾಕಿದ ಸ್ಕೆಚ್, ಎಷ್ಟು ದಿನದ ಕೆಲಸ, ಮಳೆಗೆ ಬಣ್ಣ ಎದ್ದರೆ ಯಾರು ಸರಿಮಾಡುತ್ತಾರೆ ಎಂಬುದೂ ಇರಲಿ. ಈ ಕೊನೆಯದನ್ನು ಬಿಡಬೇಡಿ. ನಾವು ಒಂದು ಕಾಂಪೌಂಡ್ ಗೋಡೆಗೆ ಯಕ್ಷಗಾನದ ವೇಷ ಬರೆಯಲು ಹೋದಾಗ ಇದೊಂದೇ ಪ್ರಶ್ನೆಗೆ ಮೂರು ಸಲ ವಾಪಸ್ ಬಂದಿದ್ದೆವು! ನಮ್ಮೂರಿನ ಮಳೆ ಗೊತ್ತಲ್ವಾ.

ಆಮೇಲೆ ಸಂಚಾರ ಪೊಲೀಸರಿಗೆ ಒಂದು ಪತ್ರ. ಏಣಿ ಇಟ್ಟರೆ ಅರ್ಧ ರಸ್ತೆ ಹೋಗುತ್ತದೆ.

ಪ್ರಾಯೋಜಕರ ಲೋಗೋ ಇದ್ದರೆ ಅದು ಜಾಹೀರಾತಾಗಿ, ಶುಲ್ಕದ ಮಾತು ಬರಬಹುದು. ಆದಷ್ಟು ಬಿಟ್ಟುಬಿಡಿ. ಚಿತ್ರದ ಬದಲು ಪ್ರತಿಮೆ ಯೋಚನೆ ಇದ್ದರೆ ಬೇಡ, ರಸ್ತೆ, ಫುಟ್‌ಪಾತ್‌ಗಳಲ್ಲಿ ಅದಕ್ಕೆ ಅನುಮತಿ ಕೊಡಬಾರದೆಂದು 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಒಪ್ಪಿಗೆ ಬಾಯಿಮಾತಲ್ಲಿ ಬೇಡ. ಪರವಾನಗಿ ಇಲ್ಲದೆ ಬರೆದರೆ ಕರ್ನಾಟಕದ 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಡಿ ಕೇಸು ಆಗಬಹುದು. ತಿಂಗಳಾದರೂ ಉತ್ತರ ಬರದಿದ್ದರೆ 10 ರೂಪಾಯಿ ಕಟ್ಟಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ, ಕಡತ ಯಾರ ಮೇಜಿನಲ್ಲಿದೆ ಎಂದು ಕೇಳಿ. 30 ದಿನದೊಳಗೆ ಅವರು ಹೇಳಲೇಬೇಕು.