ಓದುಗರ ಪ್ರಶ್ನೆ: ಬಣ್ಣದ ಮನೆ ಸರಿ, ಹಿಂದಿನ ಗುಡ್ಡ ನೋಡಿದ್ರಾ?

ಪ್ರಶ್ನೆ: ಮಗಳ ಫೋನಲ್ಲಿ ಇಟಲಿಯ ಚಿಂಕ್ವೆ ತೆರ್ರೆ ಫೋಟೊ ನೋಡ್ದೆ, ಸಮುದ್ರದ ಅಂಚಲ್ಲೇ ಹಳದಿ, ಕೆಂಪು ಮನೆಗಳು. ಅಷ್ಟು ಚೆಂದದ ಜಾಗದಲ್ಲಿ ಮೊದ್ಲು ಯಾರಿದ್ರು, ರಾಜಮನೆತನದವ್ರಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ರಾಜರಲ್ಲ ಮೇಡಂ, ದ್ರಾಕ್ಷಿ ಬೆಳೆಯೋ ರೈತರು, ಜೊತೆಗೆ ಒಂದಿಷ್ಟು ಮೀನುಗಾರರು. ಇಟಲಿಯ ವಾಯವ್ಯದಲ್ಲಿ ಕುಡುಗೋಲಿನ ತರ ಬಾಗಿರೋ ಲಿಗೂರಿಯಾ ಅನ್ನೋ ಸೀಮೆ ಇದೆ, ಅದರ ಪೂರ್ವದ ತುದೀಲಿ ಬರೋ ಐದು ಊರುಗಳೇ ಇವು: ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲಿಯಾ, ಮನರೋಲಾ, ರಿಯೊಮಜ್ಜೋರೆ. ಮಧ್ಯಯುಗದಲ್ಲಿ ಜಿನೋವಾ ಗಣರಾಜ್ಯದ ಕೈಗೆ ಬಂದ್ವು. ಕಡಲ್ಗಳ್ಳರ ಕಾಟ ಬೇರೆ, ಅದಕ್ಕೇ ವೆರ್ನಾತ್ಸಾದ ಬಂಡೆ ಮೇಲೆ ಇವತ್ತಿಗೂ ಕಾವಲು ಗೋಪುರ ನಿಂತಿದೆ.

ಆದ್ರೆ ಫೋಟೊದಲ್ಲಿ ಎಲ್ಲರೂ ಮನೆ ನೋಡ್ತಾರೆ, ನನ್ ಕೇಳಿದ್ರೆ ನೋಡ್ಬೇಕಾದ್ದು ಅದರ ಹಿಂದಿರೋ ಗುಡ್ಡ. ಅಲ್ಲಿ ಒಂದು ಹಾಸಿಗೆ ಹಾಸೋಷ್ಟು ಸಮ ಜಾಗನೂ ಇರ್ಲಿಲ್ಲ, ಸುಮಾರು ಸಾವಿರ ವರ್ಷದಿಂದ ಜನ ಆ ಕಡಿದಾದ ಇಳಿಜಾರನ್ನ ಕಡಿದು, ಸಿಕ್ಕ ಕಲ್ಲನ್ನೇ ಒಂದರ ಮೇಲೊಂದು ಕೂರಿಸಿ ಗೋಡೆ ಕಟ್ಟಿ, ಒಳಗೆ ಮಣ್ಣು ತುಂಬಿ, ಮೆಟ್ಟಿಲು ಮೆಟ್ಟಿಲಾಗಿ ತೋಟ ಮಾಡಿದ್ರು. ಗಾರೆ ಗೀರೆ ಏನೂ ಹಾಕಲ್ಲ. ಬಡತನಕ್ಕೆ ಅಂದ್ಕೋಬೇಡಿ, ಮಳೆ ನೀರು ಸಂದಿಯಿಂದ ಸೋರಿ ಹೋಗ್ಬೇಕು, ಒಳಗೇ ನಿಂತ್ರೆ ಆ ಭಾರಕ್ಕೆ ಗೋಡೆ ಉಬ್ಬಿ ಒಡ್ಕೊಂಡು ಬರುತ್ತೆ. ಯುನೆಸ್ಕೊ 1997ರಲ್ಲಿ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಸೇರಿಸಿದ್ದೂ ಬರೀ ಕಡಲತೀರ ಅಂತಲ್ಲ, ಮನುಷ್ಯ ಕೈಯಾರೆ ಮಾಡಿದ ಭೂದೃಶ್ಯ ಅಂತ.

ಎಡವಟ್ಟಾಗಿದ್ದು ಒಳ್ಳೆ ಕಾಲ ಬಂದ್ಮೇಲೆ. ಪಕ್ಕದ ಲಾ ಸ್ಪೆತ್ಸಿಯಾದಲ್ಲಿ 1869ರಲ್ಲಿ ನೌಕಾಪಡೆಯ ಹಡಗುಕಟ್ಟೆ ಶುರುವಾಯ್ತು, 1874ಕ್ಕೆ ರೈಲೂ ಬಂತು, ತಿಂಗಳ ಸಂಬಳ ಸಿಗೋವಾಗ ಕಲ್ಲು ಹೊರೋಕೆ ಯಾರು ಇರ್ತಾರೆ ಹೇಳಿ. ತೋಟ ಪಾಳು ಬಿತ್ತು, ಗೋಡೆ ಜರಿಯೋಕೆ ಶುರು. 2011ರ ಅಕ್ಟೋಬರ್ 25ರಂದು ಕೆಲವೇ ಗಂಟೇಲಿ ಭಯಂಕರ ಮಳೆ ಹೊಡೆದಾಗ ಗುಡ್ಡದ ಮಣ್ಣು ಕಲ್ಲು ಎಲ್ಲಾ ವೆರ್ನಾತ್ಸಾ, ಮೊಂತೆರೊಸ್ಸೊ ಬೀದಿಗೆ ನುಗ್ತು, ಜೀವಗಳೂ ಹೋದ್ವು. ಮಳೆನೇ ಮುಖ್ಯ ಕಾರಣ, ಒಪ್ತೀನಿ, ಆದ್ರೆ ನೋಡೋರಿಲ್ಲದ ಗೋಡೆ ಮಣ್ಣು ಎಷ್ಟು ಅಂತ ಹಿಡಿಯುತ್ತೆ? ಈಗ ಗೋಡೆ ರಿಪೇರಿ ಅಲ್ಲಲ್ಲಿ ನಡೀತಿದೆ. ದ್ರಾಕ್ಷಿ ಇಳಿಸೋಕೆ ಒಂದೇ ಹಳಿ ಮೇಲೆ ಓಡೋ ಆಟಿಕೆಯಂಥ ಪುಟಾಣಿ ಗಾಡಿನೂ ಇದೆ. ಆ ದ್ರಾಕ್ಷಿ ಒಣಗಿಸಿ ಹಿಂಡಿ ಶಾಕ್ಕೆತ್ರಾ ಅಂತ ಸಿಹಿ ವೈನ್ ಮಾಡ್ತಾರೆ, ಸ್ವಲ್ಪೇ ಸ್ವಲ್ಪ ಆಗುತ್ತೆ, ಅದಕ್ಕೇ ದುಬಾರಿ.

ಪ್ರಶ್ನೆ: ಅಲ್ಲಿಗೆ ಕಾರ್ ಬಾಡಿಗೆ ಮಾಡ್ಕೊಂಡು ಹೋಗ್ಬಹುದಾ? ಅಮ್ಮಂಗೆ ಮಂಡಿ ನೋವು.
– ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಕಾರ್ ಬೇಡವೇ ಬೇಡ, ನಿಲ್ಸೋಕೆ ಜಾಗ ಹುಡುಕೋದ್ರಲ್ಲೇ ದಿನ ಮುಗಿಯುತ್ತೆ. ಲಾ ಸ್ಪೆತ್ಸಿಯಾದಿಂದ ರೈಲು ಹಿಡೀರಿ, ಐದೂ ಊರಲ್ಲಿ ನಿಲ್ಲುತ್ತೆ. ಅಮ್ಮನಿಗೆ ಮೊಂತೆರೊಸ್ಸೊ ವಾಸಿ, ಬೇರೆಯವಕ್ಕಿಂತ ಸಮತಟ್ಟು. ಕೊರ್ನೀಲಿಯಾ ಮಾತ್ರ ಹುಷಾರು, ಊರು ಬಂಡೆ ಮೇಲೆ, ಸ್ಟೇಷನ್ ಕೆಳಗೆ, ನಡುವೆ 380ರ ಹತ್ತಿರ ಮೆಟ್ಟಿಲು, ಬಸ್ಸಿದೆ, ಅದರಲ್ಲೇ ಹೋಗಿ. ರಿಯೊಮಜ್ಜೋರೆಯಿಂದ ಮನರೋಲಾಗೆ ‘ಪ್ರೇಮದ ದಾರಿ’ ಅಂತ ಕಾಲುದಾರಿ ಇದೆ, 2012ರಲ್ಲಿ ಕಲ್ಲು ಉರುಳಿ ಮುಚ್ಚಿದ್ದು 2024ರಲ್ಲಿ ತೆರೀತು, ಟಿಕೆಟ್ ಮೊದಲೇ ಬುಕ್ ಮಾಡ್ಕೊಳ್ಳಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಅಲ್ಲಿ ಉಪವಾಸನಾ?
– ಹುಬ್ಬಳ್ಳಿಯಿಂದ

ಉತ್ತರ: ಇಲ್ಲಪ್ಪ. ಪೆಸ್ತೊ ಅನ್ನೋ ತುಳಸಿ ಜಾತಿಯ ಸೊಪ್ಪಿನ (ಬೇಸಿಲ್) ಹಸಿರು ಚಟ್ನಿ ಹುಟ್ಟಿದ್ದೇ ಲಿಗೂರಿಯಾದಲ್ಲಿ, ಆದ್ರೆ ಅದಕ್ಕೆ ಹಾಕೋ ಪರ್ಮೆಸಾನ್ ಚೀಸಿಗೆ ಹಾಲು ಒಡೆಯೋದು ಕರುವಿನ ಹೊಟ್ಟೆಯಿಂದ ತೆಗೆದ ಅಂಶದಿಂದ, ನಿಮ್ಮ ಮಡಿಗೆ ಆಗುತ್ತೋ ನೀವೇ ನೋಡ್ಕೊಳ್ಳಿ. ಫರಿನಾತಾ ಕೇಳಿ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ದೊಡ್ಡ ತಟ್ಟೇಲಿ ಹುಯ್ದು ಒಲೆಯೊಳಗೆ ಬೇಯಿಸ್ತಾರೆ, ಕಡಲೆಹಿಟ್ಟಿನ ದೋಸೆ ಅಂದ್ಕೊಳ್ಳಿ. ಮೇಲೆ ಕಾಳುಮೆಣಸಿನ ಪುಡಿ ಉದುರಿಸ್ಕೊಂಡು ಬಿಸಿ ಇದ್ದಾಗ್ಲೇ ತಿನ್ನಿ, ಆರಿದ್ರೆ ರಬ್ಬರು.