ಘಾಟಿಯಲ್ಲಿ ಐದು ಕಾರು, ವಾಕಿಟಾಕಿ ಒಂದೇ ಚಾನೆಲ್

ಪ್ರಶ್ನೆ: ಐದು ಕುಟುಂಬದವರು ಐದು ಕಾರುಗಳಲ್ಲಿ ಬೇಲೂರು, ಮೂಡಿಗೆರೆ ಮೇಲೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೊರಟಿದ್ದೇವೆ. ಕಳೆದ ಸಲ ಘಾಟಿಯಲ್ಲಿ ಫೋನ್ ಸಿಗ್ನಲ್ ಹೋಗಿ, ಒಂದು ಕಾರು ಪಂಕ್ಚರ್ ಆಗಿ ನಿಂತದ್ದು ಉಳಿದವರಿಗೆ ಗೊತ್ತೇ ಆಗಲಿಲ್ಲ. ಅಮೆರಿಕದಲ್ಲಿರುವ ನಮ್ಮ ಭಾವ ವಾಕಿಟಾಕಿ ತಂದುಕೊಡುತ್ತೇನೆ ಅಂದಿದ್ದಾರೆ. ಬಳಸಬಹುದೇ? ಎಷ್ಟು ದೂರ ಕೇಳಿಸುತ್ತದೆ?
– ಓದುಗರೊಬ್ಬರು, ತುಮಕೂರು

ಉತ್ತರ: ಭಾವನವರಿಗೆ ಬೇರೇನಾದರೂ ತರಲು ಹೇಳಿ. ಅಲ್ಲಿ ಲೈಸೆನ್ಸ್ ಕೇಳದೆ ಮಾರುವ ಸೆಟ್‌ಗಳು 462 ಮತ್ತು 467 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮಾತಾಡುತ್ತವೆ. ನಮ್ಮಲ್ಲಿ ಆ ತರಂಗಾಂತರ ಜನಸಾಮಾನ್ಯರ ಬಳಕೆಗೆ ಬಿಟ್ಟಿದ್ದಲ್ಲ. 2018ರ ನಿಯಮಗಳ ಪ್ರಕಾರ ಇಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ಸೆಟ್‌ಗಳನ್ನು. ಅದಕ್ಕೂ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮೋದನೆ, ಅಂದರೆ ಇಟಿಎ, ಇರಬೇಕು. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಈ ಎರಡು ವಿವರ ಪುಟದಲ್ಲಿ ಇವೆಯೇ ನೋಡಿ; ಅನುಮತಿಯಿಲ್ಲದ ಸೆಟ್‌ಗಳ ಮಾರಾಟ ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಅಗ್ಗಕ್ಕೆ ಸಿಗುವ, ಯಾವ ಫ್ರೀಕ್ವೆನ್ಸಿಗೆ ಬೇಕಾದರೂ ತಿರುಗಿಸಬಹುದಾದ 5 ವ್ಯಾಟ್ ಸೆಟ್‌ಗಳ ಗೋಜಿಗೆ ಹೋಗಬೇಡಿ.

ಇನ್ನು ದೂರ. ಡಬ್ಬಿಯ ಮೇಲೆ 8 ಕಿಲೋಮೀಟರ್, 10 ಕಿಲೋಮೀಟರ್ ಅಂತ ಅಚ್ಚಾಗಿರುತ್ತದೆ. ಅದು ಒಂದು ಗುಡ್ಡದ ತುದಿಯಿಂದ ಇನ್ನೊಂದು ಗುಡ್ಡದ ತುದಿಗೆ ಮಾತಾಡಿದಾಗಿನ ಲೆಕ್ಕ. ಈ ಅಲೆಗಳು ಹೆಚ್ಚುಕಡಿಮೆ ನೇರಕ್ಕೆ ಹೋಗುತ್ತವೆ, ನಡುವೆ ಬೆಟ್ಟ ಬಂದರೆ ಅಲ್ಲಿಗೆ ಮುಗಿಯಿತು. ಕಾರಿನ ಲೋಹದ ಮೈ ಬೇರೆ ಅಡ್ಡ. ಬಯಲು ಹೆದ್ದಾರಿಯಲ್ಲಿ ಕಾರಿನಿಂದ ಕಾರಿಗೆ ಒಂದು ಕಿಲೋಮೀಟರ್ ಸಿಕ್ಕರೆ ಸಂತೋಷಪಡಿ, ಘಾಟಿಯ ತಿರುವಿನಲ್ಲಿ ಕೆಲವು ನೂರು ಮೀಟರ್‌ಗೇ ಮಾತು ಒಡೆಯಬಹುದು. ಸೆಟ್ಟನ್ನು ಗೇರ್ ಪಕ್ಕ ಇಡದೆ ಕಿಟಕಿ ಗಾಜಿನ ಹತ್ತಿರ ಆಂಟೆನಾ ನೆಟ್ಟಗೆ ಹಿಡಿದರೆ ಗಮನಕ್ಕೆ ಬರುವಷ್ಟು ವ್ಯತ್ಯಾಸ ಆಗುತ್ತದೆ.

ಹಾಗಾಗಿ ಕಾರುಗಳ ಸಾಲಿನ ಬಗ್ಗೆ ಮೊದಲೇ ಯೋಚಿಸಿ. ದಾರಿ ಬಲ್ಲವರು ಮುಂದೆ, ಗಟ್ಟಿ ಡ್ರೈವರ್ ಕೊನೆಗೆ. ಘಾಟಿ ಅಭ್ಯಾಸವಿಲ್ಲದವರನ್ನು ಎರಡನೆಯವರಾಗಿ ಬಿಡಿ, ಆಗ ಮುಂದಿನವರು ತಾವಾಗಿಯೇ ಅವರ ವೇಗಕ್ಕೆ ಹೊಂದಿಕೊಳ್ಳುತ್ತಾರೆ. ಮೊದಲ ಕಾರಿನ ಮಾತು ಕೊನೆಯದಕ್ಕೆ ತಲುಪದಿದ್ದರೆ ಮಧ್ಯದ ಕಾರಿನವರು ಅದನ್ನೇ ಮತ್ತೆ ಹೇಳಿ ದಾಟಿಸಲಿ. ಎಲ್ಲ ಕೈಕೊಟ್ಟರೆ? ಕೊಟ್ಟಿಗೆಹಾರದಲ್ಲಿ ಎಲ್ಲರೂ ಸೇರಿ ಇಳಿಯಲು ಶುರು ಮಾಡಿ, ಮುಂದಿನ ಲೆಕ್ಕ ಉಜಿರೆಯಲ್ಲಿ. (ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಹೇಗೂ ನಿಲ್ಲುತ್ತೀರಿ.)

ಸೆಟ್ ಡ್ರೈವರ್ ಕೈಯಲ್ಲಿ ಬೇಡವೇ ಬೇಡ, ಪಕ್ಕದಲ್ಲಿ ಕೂತವರಿಗೆ ಕೊಡಿ. 2019ರ ತಿದ್ದುಪಡಿಯಾದ ಮೇಲೆ, ಓಡಿಸುವಾಗ ಕೈಯಲ್ಲಿ ಹಿಡಿಯುವ ಸಂವಹನ ಸಾಧನ ಬಳಸುವುದು ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಪ್ರಕಾರ ಅಪಾಯಕಾರಿ ಚಾಲನೆಗೆ ಸೇರುತ್ತದೆ. ಗುಂಡಿ ಒತ್ತಿ ಅರೆಕ್ಷಣ ತಡೆದು ಮಾತು ಶುರು ಮಾಡಿ, ಇಲ್ಲದಿದ್ದರೆ ಮೊದಲ ಪದ ನುಂಗಿಹೋಗುತ್ತದೆ. ‘ನಿಲ್ಲಿಸಬೇಡಿ’ ಅಂದದ್ದು ಅರ್ಧ ಕೇಳಿಸಿದರೆ ಏನಾಗುತ್ತದೋ ಯೋಚಿಸಿ. ಅದಕ್ಕೇ ‘ಮುಂದೆ ಹೋಗಿ’ ಅನ್ನುವುದು ವಾಸಿ.

ನನ್ನ ಮುಖ್ಯ ತಕರಾರು ಬೇರೆಯೇ ಇದೆ. ಬಹಳ ಗುಂಪುಗಳು ವಾಕಿಟಾಕಿ ಕೈಗೆ ಬಂದ ಕೂಡಲೇ ಓವರ್‌ಟೇಕ್ ಮಾಡಿಸಲು ಶುರು ಮಾಡುತ್ತವೆ. ಮುಂದಿನ ಕಾರಿನವರು ‘ರಸ್ತೆ ಖಾಲಿ, ಬನ್ನಿ’ ಅಂತಾರೆ, ಹಿಂದಿನವರು ಲಾರಿ ದಾಟಲು ಬಲಕ್ಕೆ ಎಳೀತಾರೆ. ಆದರೆ ಅವರು ಕಂಡ ಖಾಲಿ ರಸ್ತೆ ಕೆಲವು ಸೆಕೆಂಡು ಹಿಂದಿನದು. ಅಷ್ಟರಲ್ಲಿ ತಿರುವಿನಿಂದ ಬಸ್ಸು ಬಂದಿರಬಹುದು. ಆ ಬಸ್ಸಿನ ಸುದ್ದಿ ಹೇಳಲು ಅವರು ಗುಂಡಿ ಒತ್ತಿದಾಗ ಇನ್ಯಾರೋ ಮಾತಾಡುತ್ತಿದ್ದರೆ ಅದೂ ನಿಮಗೆ ತಲುಪುವುದಿಲ್ಲ. ‘ಎದುರಿಗೆ ಬಸ್ಸು’, ‘ಎಡಕ್ಕೆ ಗುಂಡಿ’, ‘ದನ ಅಡ್ಡ ಇದೆ’: ಇಂಥದ್ದಕ್ಕೆ ರೇಡಿಯೊ ಬಳಸಿ. ದಾಟುವ ತೀರ್ಮಾನ ಸ್ಟಿಯರಿಂಗ್ ಹಿಡಿದವರ ಕಣ್ಣಿಗೇ ಇರಲಿ. ಹೊರಡುವ ಮುಂಚೆ ಇದನ್ನು ಐವರಿಗೂ ಬಾಯಿಬಿಟ್ಟು ಹೇಳಿ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಒಂದು ಸೆಟ್‌ನವರ ಮಾತು ಎಲ್ಲರಿಗೂ ಕೇಳಿಸುತ್ತದೆ, ನಮ್ಮ ಮಾತು ಅವರಿಗೆ ಕೇಳಿಸುವುದಿಲ್ಲ. ಸೆಟ್ ಕೆಟ್ಟಿದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬಹುಶಃ ಇಲ್ಲ. ಅವರ ಸೆಟ್‌ನಲ್ಲಿ ಮಾತ್ರ ಪ್ರೈವಸಿ ಕೋಡ್ ಆನ್ ಆಗಿರಬೇಕು. ಕೋಡ್ ಹಾಕಿದ ಸೆಟ್ ಅದೇ ಕೋಡ್‌ನ ಸಣ್ಣ ಸ್ವರ ಬೆರೆತ ಮಾತಿಗಷ್ಟೇ ಸ್ಪೀಕರ್ ತೆರೆಯುತ್ತದೆ. ಕೋಡ್ ಇಲ್ಲದ ಸೆಟ್ ಎಲ್ಲವನ್ನೂ ಕೇಳಿಸುತ್ತದೆ. ಎಲ್ಲ ಸೆಟ್‌ಗಳಲ್ಲೂ ಚಾನೆಲ್, ಕೋಡ್ ಎರಡೂ ಒಂದೇ ಮಾಡಿ, ಇಲ್ಲವೇ ಕೋಡನ್ನೇ ತೆಗೆದುಹಾಕಿ. ಹೆಸರು ನಂಬಿ ಮನೆ ಗುಟ್ಟು ಮಾತಾಡಲು ಹೋಗಬೇಡಿ. ಅದೇ ಚಾನೆಲ್‌ನಲ್ಲಿರುವ ಯಾರು ಬೇಕಾದರೂ ಕೇಳಬಹುದು.

ಪ್ರಶ್ನೆ: ನನಗೆ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇದೆ. ಟ್ರಿಪ್‌ಗೆ ಬರುವ ಗೆಳೆಯರಿಗೆ ನನ್ನ ಇನ್ನೊಂದು ಸೆಟ್ ಕೊಡಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಕೊಡುವಂತಿಲ್ಲ. ಲೈಸೆನ್ಸ್ ಇರುವುದು ನಿಮಗೆ. ಇನ್ನೊಂದು ಕಾರಿನಲ್ಲಿ ಕೂತು ಹ್ಯಾಮ್ ಬ್ಯಾಂಡ್‌ನಲ್ಲಿ ಮಾತಾಡುವವರಿಗೆ ಅವರದೇ ಕಾಲ್‌ಸೈನ್, ಅಂದರೆ ಲೈಸೆನ್ಸ್ ಜೊತೆ ಸಿಗುವ ಗುರುತಿನ ಸಂಕೇತ, ಬೇಕು. ಅವರು ಪರೀಕ್ಷೆ ಕಟ್ಟಿ ಪಾಸಾಗುವ ತನಕ ನೀವೂ ಅವರ ಜೊತೆ 446ರ ಸೆಟ್‌ನಲ್ಲೇ ಮಾತಾಡಿ.