ಪಾದದ ಟೇಲಸ್ ಎಲುಬು ಮುರಿದು ಸ್ಕ್ರೂ ಹಾಕಿದ್ದಾರೆ, ನನ್ನ ತಮ್ಮ ಮೊದಲಿನಂತೆ ನಡೆಯುತ್ತಾನಾ?

ಶಹಾಪುರದ ಹತ್ತಿರ ಬೈಕಿನಿಂದ ಬಿದ್ದ ತಮ್ಮನಿಗೆ ಆಪರೇಷನ್ ಆಗಿ ಐದು ವಾರ, ನೋವಿಲ್ಲ, ತೊಗರಿ ರಾಶಿಗೆ ಹೋಗ್ತೀನಿ ಅಂತಾನೆ ಅಂದಿದ್ದೀರಿ. ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿಸ್ಟ್. ಕೈಮುಗಿದು ಹೇಳ್ತೀನಿ, ಸರ್ಜನ್ ಹೇಳುವ ತನಕ ಆ ಕಾಲು ನೆಲಕ್ಕೆ ಊರಲು ಬಿಡಬೇಡ್ರಿ. ನೋವಿಲ್ಲ ಅಂದರೆ ಎಲುಬು ಕೂಡಿದೆ ಅಂತಲ್ಲ.

ಮೊಳಕಾಲಿನ ಕೆಳಗಿನ ಉದ್ದ ಎಲುಬಿಗೂ ಹಿಮ್ಮಡಿಗೂ ನಡುವೆ ಕೂತಿರೋದೇ ಟೇಲಸ್. ಇಡೀ ಮೈಭಾರ ಅದರ ಮೇಲೆ. ಆದರೆ ಒಂದು ಸ್ನಾಯುವೂ ಅದಕ್ಕೆ ಅಂಟಿಲ್ಲ, ಮೇಲ್ಮೈಯ ಸುಮಾರು 60% ಬರೀ ಮೃದ್ವಸ್ಥಿ. ಹಾಗಾಗಿ ರಕ್ತನಾಳ ಒಳಹೋಗಲು ಜಾಗವೇ ಕಡಿಮೆ, ಇರುವುದರಲ್ಲಿ ಮುಖ್ಯವಾದವು ಟೇಲಸ್‌ನ ಕತ್ತು ಅನ್ನೋ ಸಪೂರ ಭಾಗದ ಸುತ್ತಲೇ. ನಿಮ್ಮ ತಮ್ಮನಿಗೆ ಮುರಿದಿದ್ದೂ ಅಲ್ಲೇ. ರಕ್ತ ನಿಂತರೆ ಎಲುಬು ಸಾಯುತ್ತದೆ, ಸತ್ತ ಎಲುಬಿನ ಮೇಲೆ ಭಾರ ಬಿದ್ದರೆ ಕುಸಿಯಬಹುದು.

ಮುಂದೆ ಏನಾಗುತ್ತದೆ ಅನ್ನೋದು ಬಿದ್ದಾಗ ಎಲುಬು ಎಷ್ಟು ಸರಿದಿತ್ತು ಅನ್ನೋದರ ಮೇಲಿದೆ. 1970ರಲ್ಲಿ ಹಾಕಿನ್ಸ್ ಎಂಬ ಸರ್ಜನ್ ಇದನ್ನೇ ನೋಡಿ ಈ ಮುರಿತವನ್ನು ವಿಂಗಡಿಸಿದರು. ಸರಿಯದೇ ಬರೀ ಬಿರುಕು ಬಿಟ್ಟಿದ್ದರೆ ಬಹುತೇಕ ಚೆನ್ನಾಗೇ ಕೂಡುತ್ತದೆ. ಕೀಲು ತಪ್ಪಿದ್ದರೆ ಅಪಾಯ ಬಹಳ ಏರುತ್ತದೆ. ನಿಮ್ಮದು ಯಾವ ಟೈಪ್ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ಆರರಿಂದ ಎಂಟು ವಾರದ ಎಕ್ಸ್‌ರೇ ತಪ್ಪಿಸಬೇಡಿ. ಟೇಲಸ್‌ನ ಮೇಲ್ಭಾಗದ ಅಂಚಿನ ಕೆಳಗೆ ತೆಳ್ಳನೆ ಕಪ್ಪು ಗೆರೆ ಕಂಡರೆ ಸಂತೋಷಪಡಿ, ರಕ್ತ ಹರಿಯುತ್ತಿದೆ ಅಂತ ಅರ್ಥ. ಕಾಣದಿದ್ದರೆ ಎಲ್ಲಾ ಮುಗೀತು ಅಂತಲ್ಲ, ಎಂಆರ್‌ಐ ಬೇಕಾಗಬಹುದು. ರಕ್ತ ನಿಂತ ಎಲುಬೆಲ್ಲವೂ ಕುಸಿಯುವುದಿಲ್ಲ, ನಿಧಾನವಾಗಿ ಚೇತರಿಸಿಕೊಳ್ಳುವುದೂ ಉಂಟು.

ಮನೆಯವರಿಗೆ ಯಾರೂ ಬಿಡಿಸಿ ಹೇಳದ ಮಾತೊಂದಿದೆ. ಎಲುಬು ಕೂಡಿದ ಮೇಲೂ ಟೇಲಸ್ ಕೆಳಗಿನ ಕೀಲು ಬಿಗಿಯಾಗುವುದು, ಸವೆಯುವುದು ಸಾಮಾನ್ಯ. ಡಾಂಬರು ರಸ್ತೆಯಲ್ಲಿ ಸಲೀಸಾಗಿ ನಡೆಯುವವನಿಗೆ ಎರಿ ಹೊಲದ ಹೆಂಟೆಗಳ ಮೇಲೆ ಕಾಲಿಟ್ಟಾಗ ನೋವು, ಕುಕ್ಕರಗಾಲಲ್ಲಿ ಕೂರೋದು ಕಷ್ಟ. ತೀರಾ ತಡೆಯಲಾಗದಿದ್ದರೆ ಆ ಕೀಲನ್ನೇ ಬೆಸೆಯುವ ಆಪರೇಷನ್ ಇದೆ. ನೋವು ತಗ್ಗುತ್ತದೆ, ಆದರೆ ಪಾದ ಪಕ್ಕಕ್ಕೆ ಹೊರಳುವುದು ಬಹುತೇಕ ನಿಲ್ಲುತ್ತದೆ.

ಬೀಡಿ, ಗುಟ್ಕಾ ಇದ್ದರೆ ಇವತ್ತೇ ಬಿಡಿಸಿ. ಎಣ್ಣೆ ತಿಕ್ಕಿ ಎಳೆಯುವವರ ಹತ್ತಿರ ಒಯ್ಯಬೇಡಿ. ಮೀನಖಂಡ ಬಾತು ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಪಾದ ಮೇಲೆ ಕೆಳಗೆ ಆಡಿಸುವುದನ್ನು ಯಾವಾಗ ಶುರು ಮಾಡಬಹುದು ಅಂತ ಮುಂದಿನ ಭೇಟಿಯಲ್ಲಿ ಕೇಳಿ. ಈ ಸಲದ ರಾಶಿಗೆ ಕೂಲಿಯವರನ್ನು ಗೊತ್ತುಮಾಡಿಕೊಳ್ಳಿ.